ತುಂಗಭದ್ರೆಯ ಗಿರಿಮೂಲವೂ ಬಯಲಿನ ಬಾಳುವೆಯೂ

ಸಹ್ಯಾದ್ರಿಯ ನೆತ್ತಿಯಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಪ್ರಾಂತದಲ್ಲಿ, ಗಂಗಾಮೂಲವೆಂಬ ಪುಣ್ಯಸ್ಥಳವುಂಟು. ಹಿರಣ್ಯಾಕ್ಷನನ್ನು ಸಂಹರಿಸಿ ಶ್ರಾಂತನಾಗಿ ಇಲ್ಲಿ ಕುಳಿತ ವರಾಹಮೂರ್ತಿಯ ಕೋರೆದಾಡೆಗಳೆರಡರಿಂದ ತುಂಗೆಯೂ ಭದ್ರೆಯೂ, ನೇತ್ರಗಳಿಂದ ನೇತ್ರಾವತಿಯೂ ಹೊರಟವೆಂದು ಸ್ಥಳಪುರಾಣವು ಹೇಳುವುದು. ಭೂಗೋಳಶಾಸ್ತ್ರವು ಹೇಳುವ ಸಂಗತಿಯೂ ಇದಕ್ಕಿಂತ ಕಡಿಮೆ ವಿಸ್ಮಯಕರವಲ್ಲ. ಈ ಗಿರಿಪಂಕ್ತಿಯ ಏಣೇ ಮಳೆನೀರನ್ನು ಎರಡು ಸಮುದ್ರಗಳಿಗೆ ಹಂಚುವ ಗಡಿ. ಪಡುವಣ ಮಗ್ಗುಲಿನಲ್ಲಿ ಬಿದ್ದ ಹನಿಯು ನೇತ್ರಾವತಿಯೊಡನೆ ಘಟ್ಟವನ್ನಿಳಿದು ಮಂಗಳೂರಿನ ಬಳಿ ಪಶ್ಚಿಮ ಸಮುದ್ರವನ್ನು ಸೇರುವುದು. ಮೂಡಣ ಮಗ್ಗುಲಿನಲ್ಲಿ ಬಿದ್ದುದು ತುಂಗಭದ್ರೆಯಾಗಿ, ಬಳಿಕ ಕೃಷ್ಣೆಯಾಗಿ, ದಖ್ಖಣವನ್ನೆಲ್ಲ ದಾಟಿ ಬಂಗಾಳ ಉಪಸಾಗರವನ್ನು ಕಾಣುವುದು.

ತುಂಗೆಯು ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗಗಳ ಮಾರ್ಗವಾಗಿಯೂ, ಭದ್ರೆಯು ಕಳಸ, ಬಾಳೆಹೊನ್ನೂರು, ಭದ್ರಾವತಿಗಳ ಮಾರ್ಗವಾಗಿಯೂ ಹರಿದು ಕೂಡಲಿಯಲ್ಲಿ ಒಂದಾಗುವುವು. ಅಲ್ಲಿಂದ ಮುಂದೆ ಹರಿಹರ, ಹಂಪೆ, ಮಂತ್ರಾಲಯ, ಕರ್ನೂಲುಗಳನ್ನು ಹಾದು ಸುಮಾರು 531 ಕಿಲೋಮೀಟರು ಸಾಗಿದ ತರುವಾಯ ತುಂಗಭದ್ರೆಗೆ ಕೃಷ್ಣಾಸಂಗಮವು ಒದಗುವುದು. ಕುಮುದ್ವತಿ, ವರದಾ, ಹರಿದ್ರಾ, ವೇದಾವತಿ ಮೊದಲಾದ ನದಿಗಳು ದಾರಿಯಲ್ಲಿ ಬಂದು ಕೂಡುವುವು. ಇವೆಲ್ಲವುಗಳ ನೀರು ಹರಿದುಬರುವ ನೆಲ, ಅಂದರೆ ಈ ನದಿಯ ಜಲಾನಯನ ಪ್ರದೇಶ, ಸುಮಾರು 70,000 ಚದರ ಕಿಲೋಮೀಟರುಗಳಷ್ಟು ವಿಶಾಲವಾದುದು.

ಆದರೆ ಈ ವಿಸ್ತಾರವೆಲ್ಲವೂ ನದಿಗೆ ಸಮನಾಗಿ ನೀರನ್ನು ಕೊಡುವುದಿಲ್ಲ. ಮೂಲಪ್ರಾಂತದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆಯಾದರೆ, ಬಳ್ಳಾರಿಯ ಬಯಲಿನಲ್ಲಿ ಅದರ ಹತ್ತನೆಯ ಒಂದು ಪಾಲೂ ಆಗುವುದಿಲ್ಲ. ಮಲೆನಾಡಿನ ಮಳೆಯನ್ನು ಮಳೆ ಕಾಣದ ನಾಡಿಗೆ ಹೊತ್ತು ತರುವುದೇ ಈ ನದಿಯ ಕಾರ್ಯ. ಘಟ್ಟದ ಶೋಲೆಕಾಡುಗಳೂ ಹುಲ್ಲುಗಾವಲುಗಳೂ ಆಷಾಢ ಶ್ರಾವಣಗಳ ಮಳೆಯನ್ನು ಹೀರಿ, ಮಳೆ ನಿಂತಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡುವುದರಿಂದಲೇ ಹೊಳೆಗೆ ಬೇಸಗೆಯಲ್ಲಿಯೂ ಒಸರು ಉಳಿಯುವುದು.

ಬಯಲಿನವರು ಈ ಕೊಡುಗೆಯನ್ನು ಬಳಸಿಕೊಂಡ ಬಗೆಯು ವಿಜಯನಗರದ ಚರಿತ್ರೆಯಲ್ಲಿ ಸ್ಪಷ್ಟವಾಗಿದೆ. 1336ರಲ್ಲಿ ಸ್ಥಾಪಿತವಾಯಿತೆನ್ನುವ ಆ ರಾಜಧಾನಿಯ ಅರಸರು ನದಿಯ ಪಾತ್ರದಲ್ಲಿದ್ದ ಬಂಡೆಗಳನ್ನೇ ಆಧಾರವಾಗಿಟ್ಟುಕೊಂಡು ತಗ್ಗಾದ ಕಲ್ಲಿನ ಅಣೆಕಟ್ಟುಗಳನ್ನು ಕಟ್ಟಿಸಿ ಕಾಲುವೆಗಳನ್ನು ತೆಗೆಸಿದರು. ತುರುತ್ತು ಕಾಲುವೆಯ ನೀರು ಇಂದಿಗೂ ಹಂಪೆಯ ಗದ್ದೆತೋಟಗಳಿಗೆ ಹರಿಯುತ್ತಿದೆ. ಆ ಕಟ್ಟೆಗಳು ಹೊಳೆಯನ್ನು ಸೆರೆಹಿಡಿಯಲಿಲ್ಲ. ಬೇಕಾದಷ್ಟನ್ನು ಪಕ್ಕಕ್ಕೆ ತಿರುಗಿಸಿ, ಮಹಾಪೂರವನ್ನೂ ಅದರ ಕೆಸರನ್ನೂ ತಮ್ಮ ತಲೆಯ ಮೇಲೆ ಹಾಯಗೊಟ್ಟವು. ಆದುದರಿಂದಲೇ ಅವು ಶತಮಾನಗಳವರೆಗೆ ಬಾಳಿದವು. ಆದರೆ ಬರಗಾಲಕ್ಕಾಗಿ ನೀರನ್ನು ಕೂಡಿಡುವ ಸಾಮರ್ಥ್ಯವು ಅವುಗಳಿಗಿರಲಿಲ್ಲ.

ಆ ಕೊರತೆಯನ್ನು ನೀಗುವುದಕ್ಕೆಂದು 1945ರಲ್ಲಿ ಹೈದರಾಬಾದು ಮತ್ತು ಮದ್ರಾಸು ಸರಕಾರಗಳು ಹೊಸಪೇಟೆಯ ಬಳಿ ಮಹಾಸೇತುವೆಗೆ ಅಡಿಗಲ್ಲನ್ನಿಟ್ಟವು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ರಾಯಚೂರು, ಕೊಪ್ಪಳ, ಬಳ್ಳಾರಿಗಳ ಕ್ಷಾಮಭೂಮಿಯಲ್ಲಿ ಬತ್ತದ ಗದ್ದೆಗಳೆದ್ದವು. ಈ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ನಿಂತ ನೀರಿನಲ್ಲಿ ಮಣ್ಣೂ ನಿಲ್ಲುವುದು. ಮೊದಲು ಸುಮಾರು 133 ಶತಕೋಟಿ ಘನ ಅಡಿ ನೀರನ್ನು ಹಿಡಿಯುತ್ತಿದ್ದ ಜಲಾಶಯವು 2016ರ ಅಳತೆಯಂತೆ ಸುಮಾರು 105 ಶತಕೋಟಿಗೆ ಇಳಿದಿದೆ. ಐದರಲ್ಲೊಂದು ಪಾಲು ಹೂಳಿನ ವಶವಾಗಿದೆ. 2024ರ ಆಗಸ್ಟ್ 10ರ ರಾತ್ರಿ 33 ತೂಬುಬಾಗಿಲುಗಳಲ್ಲಿ 19ನೆಯದು ಕೊಚ್ಚಿಹೋದಾಗ ನಾಡೆಲ್ಲವೂ ಬೆಚ್ಚಿತು. ಮುರಿದ ಬಾಗಿಲಿಗೆ ಬದಲು ಬಾಗಿಲನ್ನು ಇಡಬಹುದು. ತುಂಬಿದ ಹೂಳನ್ನು ತೆಗೆಯುವುದು ಅಷ್ಟು ಸುಲಭವಲ್ಲ.

ಈ ಮಣ್ಣು ಅಣೆಕಟ್ಟಿನಲ್ಲಿ ಹುಟ್ಟಿದುದಲ್ಲ. ಮೇಲಣ ನೆಲದಲ್ಲಿ ಮರ ಹುಲ್ಲುಗಳ ಹೊದಿಕೆಯು ಹೋದೆಡೆಯಿಂದ, ಒಡ್ಡಿಲ್ಲದ ಹೊಲಗಳಿಂದ, ತೊಳೆದು ಬಂದುದು. ಭದ್ರೆಯ ಮೂಲದಲ್ಲಿಯೇ, ಕುದುರೆಮುಖದಲ್ಲಿ, ಕಬ್ಬಿಣದ ಅದಿರಿಗಾಗಿ ದಶಕಗಳವರೆಗೆ ಬೆಟ್ಟವನ್ನು ಅಗೆದರು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಅಂತ್ಯಕ್ಕೆ ಆ ಗಣಿಯು ನಿಂತಿತು. ಕಾಡನ್ನು ಕಾಯುವುದು ಮಲೆನಾಡಿಗರ ಹಿತಕ್ಕೆ ಮಾತ್ರವೆಂದು ಬಗೆಯುವವರು ನದಿಯ ಉದ್ದವನ್ನು ಮರೆತವರು.

ಗಂಗಾಸ್ನಾನ, ತುಂಗಾಪಾನ ಎಂಬುದು ಹಿರಿಯರ ನುಡಿ. ಗಂಗಾಮೂಲವನ್ನು ಒಮ್ಮೆಯೂ ಕಾಣದ ರಾಯಚೂರಿನ ಒಕ್ಕಲಿಗನೂ ಆ ಬೆಟ್ಟದ ಮಳೆಯಿಂದಲೇ ಅನ್ನವನ್ನುಣ್ಣುತ್ತಿದ್ದಾನೆ. ಆದಕಾರಣ ಆ ಕಾಡಿನ ರಕ್ಷಣೆಯು ಗಿರಿಯವರಂತೆ ಬಯಲಿನವರಿಗೂ ಕರ್ತವ್ಯವಾಗಿರುವುದು.