ಚಕ್ರ ಬಂತು, ಹಿಡಿ ಬರೋಕೆ ಹದಿನೇಳು ವರ್ಷ!

ಚಂದ್ರನ ಮೇಲೆ ಮನುಷ್ಯ ಕಾಲಿಟ್ಟಿದ್ದು 1969ರಲ್ಲಿ, ಸೂಟ್‌ಕೇಸಿನ ಕೆಳಗೆ ಚಕ್ರ ಬಂದು ಅಂಗಡಿ ಸೇರಿದ್ದು ಅದರ ಮರುವರ್ಷ. ಈ ಫಾರ್ವರ್ಡ್ ನಿಮಗೂ ಒಂದಲ್ಲ ಒಂದು ಸಲ ಬಂದೇ ಇರುತ್ತೆ. ಜೊತೆಗೆ "ನೋಡಿ, ಮನುಷ್ಯನ ಬುದ್ಧಿ ಎಷ್ಟು ವಿಚಿತ್ರ" ಅಂತ ಕೊನೆಗೊಂದು ಉಪದೇಶ ಬೇರೆ. ಕೇಳೋಕೆ ಚೆನ್ನಾಗಿದೆ. ಆದರೆ ನನಗೆ ಇದರಲ್ಲಿ ಒಂದು ತಕರಾರಿದೆ. ಚಕ್ರ ಸಿಕ್ಕಿದ ಮೇಲೂ ಆ ಪೆಟ್ಟಿಗೆ ನೆಟ್ಟಗೆ ಉರುಳಲಿಲ್ಲ. ಈಗ ನಾವೆಲ್ಲ ಎಳೆದುಕೊಂಡು ಓಡಾಡುವ ಬ್ಯಾಗ್ ಹುಟ್ಟೋಕೆ ಅಲ್ಲಿಂದ ಇನ್ನೂ ಹದಿನೇಳು ವರ್ಷ ಬೇಕಾಯ್ತು. ಅಷ್ಟು ವರ್ಷ ತಡೆದು ನಿಲ್ಲಿಸಿದ್ದು ಚಕ್ರ ಅಲ್ಲ, ಹಿಡಿ.

ಹಿಡಿಯ ಬಗ್ಗೆ ಏನಪ್ಪಾ ಬರೆಯೋದು ಅನ್ನಬೇಡಿ. ಒಂದು ಪೆಟ್ಟಿಗೆಯ ಹಿಡಿ ಎಲ್ಲಿದೆ ಅಂತ ನೋಡಿದರೆ, ಅದನ್ನು ಹೊರುತ್ತಿದ್ದವರು ಯಾರು ಅಂತ ಹೇಳಿಬಿಡಬಹುದು.

ಮೊದಲು ಟ್ರಂಕು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಉಳ್ಳವರು ಹಡಗಿನಲ್ಲಿ, ರೈಲಿನಲ್ಲಿ ಓಡಾಡುವಾಗ ಜೊತೆಗಿರುತ್ತಿದ್ದದ್ದು ಮರದ ದೊಡ್ಡ ಟ್ರಂಕುಗಳು. ಈಗ ಹ್ಯಾಂಡ್‌ಬ್ಯಾಗಿಗೆ ಲಕ್ಷಗಟ್ಟಲೆ ಬೆಲೆ ಹಾಕುವ ಲೂಯಿ ವಿಟಾನ್ ಕಂಪನಿ ಶುರುವಾಗಿದ್ದು 1854ರಲ್ಲಿ, ಪ್ಯಾರಿಸ್ಸಿನ ಟ್ರಂಕಿನ ಅಂಗಡಿಯಾಗಿ. ಅಲ್ಲಿವರೆಗೆ ಟ್ರಂಕಿನ ಮುಚ್ಚಳ ಮಳೆನೀರು ಜಾರಿಹೋಗಲಿ ಅಂತ ಡುಬ್ಬವಾಗಿರುತ್ತಿತ್ತು. ಆತ 1858ರಲ್ಲಿ ಅದನ್ನು ಚಪ್ಪಟೆ ಮಾಡಿದ. ಒಂದರ ಮೇಲೊಂದು ಪೇರಿಸೋಕೆ ಅನುಕೂಲವಾಯ್ತು. ಆದರೆ ಹಿಡಿ ಮಾತ್ರ ಎಡಕ್ಕೊಂದು, ಬಲಕ್ಕೊಂದು. ಅಂದರೆ ಇಬ್ಬರು ಆಳುಗಳು ಆಚೆ ಈಚೆ ಹಿಡಿದು ಎತ್ತಬೇಕು. ಟ್ರಂಕಿನ ಯಜಮಾನ ಅದನ್ನು ಮುಟ್ಟೋ ಪ್ರಶ್ನೆಯೇ ಇಲ್ಲ.

ಸಣ್ಣ ಪ್ರಯಾಣಕ್ಕೆ ಕಾರ್ಪೆಟ್ ಬಟ್ಟೆಯಲ್ಲಿ ಹೊಲಿದ ಚೀಲ ಇತ್ತು, ಮೇಲೆ ಎರಡು ಹಿಡಿ. ಜೂಲ್ಸ್ ವರ್ನ್‌ನ 'ಎಂಬತ್ತು ದಿನಗಳಲ್ಲಿ ವಿಶ್ವ ಪರ್ಯಟನೆ' (1873) ಓದಿದವರಿಗೆ ನೆನಪಿರಬಹುದು, ಫಿಲಿಯಾಸ್ ಫಾಗ್ ಜಗತ್ತು ಸುತ್ತೋಕೆ ಹೊರಡೋದು ಅಂಥ ಒಂದೇ ಚೀಲ ಹಿಡಿದು. ಹಿಡಿದು ಅಂದೆನಲ್ಲ, ಅದೂ ಆತನಲ್ಲ! ಚೀಲದೊಳಗೆ 20,000 ಪೌಂಡ್ ತುರುಕಿ ಅದನ್ನು ಆಳಿನ ಕೈಗೆ ಕೊಡುತ್ತಾನೆ :-)

ನಮ್ಮ ಕಡೆ ತಗಡಿನ ಟ್ರಂಕಿಗೂ ಇದೇ ಲೆಕ್ಕ. ಹಾಸ್ಟೆಲಿಗೆ ಸೇರುವ ಹುಡುಗ, ವರ್ಗವಾದ ಮೇಷ್ಟ್ರು, ಸೈನ್ಯಕ್ಕೆ ಹೋದವರು, ಎಲ್ಲರ ಮನೆಯಲ್ಲೂ ಹೆಸರು ಬರೆಸಿದ ಒಂದು ಟ್ರಂಕು ಈಗಲೂ ಅಟ್ಟದ ಮೇಲೆ ಇರುತ್ತೆ. ಎರಡೂ ಪಕ್ಕಕ್ಕೆ ಮಡಚುವ ಕಬ್ಬಿಣದ ಹಿಡಿ. ಒಬ್ಬರೇ ಸಾಗಿಸಬೇಕೆಂದರೆ ಇರುವ ದಾರಿ ಒಂದೇ, ತಲೆ. ರೈಲ್ವೆ ಸ್ಟೇಷನ್ನಿನ ಕೂಲಿಯವರು ಸಿಂಬಿ ಸುತ್ತಿಕೊಂಡು, ಎರಡು ಪೆಟ್ಟಿಗೆ ಒಂದರ ಮೇಲೊಂದಿಟ್ಟು ಮೆಟ್ಟಿಲು ಹತ್ತುತ್ತಾರಲ್ಲ, ಅವರಿಗೆ ಹಿಡಿ ಬೇಕಾಗಿರೋದು ತಲೆಗೆ ಏರಿಸೋವಾಗ ಮತ್ತು ಇಳಿಸೋವಾಗ ಮಾತ್ರ. ನಡುವೆ ಭಾರವೆಲ್ಲ ಕತ್ತಿನ ಮೇಲೆ.

ಹೋಲ್ಡಾಲ್ ಅಂತ ಇನ್ನೊಂದಿತ್ತು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಕ್ಯಾನ್ವಾಸಿನೊಳಗೆ ಹಾಸಿಗೆ ಸುತ್ತಿ, ಎರಡು ಚರ್ಮದ ಬೆಲ್ಟು ಬಿಗಿದು, ಆ ಎರಡು ಬೆಲ್ಟುಗಳ ನಡುವೆ ಒಂದು ಹಿಡಿ. ಇದನ್ನು ನೆನಪಿಟ್ಟುಕೊಳ್ಳಿ. ಇಲ್ಲಿ ಹಿಡಿಯನ್ನು ಕ್ಯಾನ್ವಾಸಿಗೆ ಹೊಲಿದಿಲ್ಲ. ಹಿಡಿ ಎಳೆಯೋದು ಬೆಲ್ಟನ್ನ, ಬೆಲ್ಟು ಇಡೀ ಗಂಟನ್ನ ಅಡಿಯಿಂದ ಅಪ್ಪಿಕೊಂಡಿರುತ್ತೆ. ಬಟ್ಟೆ ಹರಿಯೋ ಮಾತೇ ಇಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಸೂಟ್‌ಕೇಸ್ ಬಂತು. ಹೆಸರೇ ಹೇಳೋ ಹಾಗೆ ಸೂಟು ಮಡಚಿಡುವ ಪೆಟ್ಟಿಗೆ. ತೆಳ್ಳಗೆ, ಉದ್ದ ಅಂಚಿನ ನಟ್ಟನಡುವೆ ಒಂದೇ ಹಿಡಿ. ಒಬ್ಬ ಮನುಷ್ಯ, ಒಂದು ಕೈ. ತನ್ನ ಸಾಮಾನು ತಾನೇ ಹೊರುವ ಪ್ರಯಾಣಿಕ ಹುಟ್ಟಿದ್ದು ಇಲ್ಲಿ.

ಹಿಡಿ ಕೂರಿಸುವ ಕಷ್ಟ ಶುರುವಾಗಿದ್ದೂ ಇಲ್ಲೇ. ಟ್ರಂಕಿನಲ್ಲಿ ಭಾರವನ್ನು ಎರಡು ಹಿಡಿ ಹಂಚಿಕೊಳ್ಳುತ್ತಿದ್ದವು. ಇಲ್ಲಿ ಎಲ್ಲವೂ ಒಂದೇ ಹಿಡಿಯ ಎರಡು ತುದಿಗೆ ಬೀಳುತ್ತೆ. ಇಪ್ಪತ್ತು ಕೆಜಿ ಪೆಟ್ಟಿಗೆ ಅಂದರೆ ತುದಿಗೆ ಹತ್ತು ಹತ್ತು ಕೆಜಿ, ಸುಮ್ಮನೆ ನಿಂತಿದ್ದಾಗ. ಬಸ್ ಹೊರಟಿತು ಅಂತ ಓಡಿದರೆ ಪ್ರತಿ ಹೆಜ್ಜೆಗೂ ಜಗ್ಗಿ ಅದು ಇನ್ನೂ ಜಾಸ್ತಿ. ರಟ್ಟಿನ ಪೆಟ್ಟಿಗೆಗೆ ರಿವೆಟ್ ಹೊಡೆದು ಹಿಡಿ ಕೂರಿಸಿದರೆ ಹಿಡಿಯೂ ಮುರಿಯಲ್ಲ, ರಿವೆಟ್ಟೂ ಮುರಿಯಲ್ಲ. ರಟ್ಟೇ ಹರಿದು ರಿವೆಟ್ ಸಮೇತ ಹಿಡಿ ಕೈಗೆ ಬರುತ್ತೆ! ಅದಕ್ಕೇ ಒಳಗಡೆ ಒಂದು ಲೋಹದ ಪಟ್ಟಿ ಕೊಟ್ಟು ಭಾರವನ್ನು ಹರಡೋದು. ಬಟ್ಟೆಯ ಬ್ಯಾಗಿನಲ್ಲಿ ಇದಕ್ಕೆ ಉತ್ತರ ಹೋಲ್ಡಾಲಿನದೇ. ಒಳ್ಳೆಯ ಟ್ರಾವೆಲ್ ಬ್ಯಾಗಿನಲ್ಲಿ ಹಿಡಿಯ ಪಟ್ಟಿ ಬ್ಯಾಗಿನ ಅಡಿಯಿಂದ ಪೂರ್ತಿ ಸುತ್ತಿ ಬಂದಿರುತ್ತೆ. ಕಳಪೆ ಬ್ಯಾಗಿನಲ್ಲಿ ಪಟ್ಟಿಯನ್ನು ಮೇಲುಗಡೆ ನಾಲ್ಕು ಬೆರಳಗಲ ಹೊಲಿದು ಬಿಟ್ಟಿರುತ್ತಾರೆ. ಅಂಗಡಿಯಲ್ಲಿ ಬಣ್ಣ, ಜಿಪ್ಪು ನೋಡೋ ಮೊದಲು ಬ್ಯಾಗ್ ತಲೆಕೆಳಗು ಮಾಡಿ ಇದೊಂದನ್ನು ನೋಡಿ. ಅಂಗಡಿಯವರು ಒಂಥರಾ ನೋಡುತ್ತಾರೆ, ಪರವಾಗಿಲ್ಲ.

ಈಗ ಚಕ್ರದ ಕಥೆಗೆ ಬರೋಣ. ಬರ್ನಾರ್ಡ್ ಸ್ಯಾಡೋ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಲಗೇಜ್ ಕಂಪನಿಯ ಉಪಾಧ್ಯಕ್ಷ. 1970ರಲ್ಲಿ ಹೆಂಡತಿ ಮಕ್ಕಳ ಜೊತೆ ಅರೂಬಾ ದ್ವೀಪಕ್ಕೆ ಹೋಗಿ ವಾಪಸ್ ಬರುವಾಗ ಕೈಯಲ್ಲಿ ಎರಡು ದೊಡ್ಡ ಸೂಟ್‌ಕೇಸು. ಪೋರ್ಟೊ ರಿಕೋದ ಕಸ್ಟಮ್ಸ್‌ನಲ್ಲಿ ನಿಂತಿದ್ದಾಗ ಒಬ್ಬ ಕೆಲಸಗಾರ ಭಾರೀ ಯಂತ್ರವೊಂದನ್ನು ಚಕ್ರದ ಹಲಗೆ ಮೇಲಿಟ್ಟು ಸಲೀಸಾಗಿ ತಳ್ಳಿಕೊಂಡು ಹೋದದ್ದು ಕಂಡಿತು. ಊರಿಗೆ ಬಂದು, ಬಟ್ಟೆ ನೇತುಹಾಕುವ ದೊಡ್ಡ ಟ್ರಂಕಿನ ಚಕ್ರ ಬಿಚ್ಚಿ ಸೂಟ್‌ಕೇಸಿಗೆ ಹಾಕಿ, ಮುಂದೊಂದು ಪಟ್ಟಿ ಕಟ್ಟಿ ಎಳೆದ. ಉರುಳಿತು! 1972ರಲ್ಲಿ ಪೇಟೆಂಟ್ ಸಿಕ್ಕಿತು. ಆ ಪೇಟೆಂಟ್ ಅರ್ಜಿ ಓದಿದರೆ ಸ್ವಾರಸ್ಯ ಸಿಗುತ್ತೆ. ಹಿಂದೆ ಪೋರ್ಟರುಗಳು ಇದ್ದರು, ಸಾಮಾನು ಬೀದಿ ಹತ್ತಿರವೇ ಹತ್ತಿಸಿ ಇಳಿಸುತ್ತಿದ್ದರು, ಈಗ ವಿಮಾನ ನಿಲ್ದಾಣಗಳು ದೊಡ್ಡದಾಗಿ ಪ್ರಯಾಣಿಕನ ಪಾಡು ಕಷ್ಟವಾಗಿದೆ ಅಂತಲೇ ಅದು ವಾದ ಶುರು ಮಾಡೋದು. ಚಕ್ರ ಬೇಕಾಗಿದ್ದು ಹೊರುವವರು ಇಲ್ಲವಾದ ಮೇಲೆ.

ಆದರೂ ನ್ಯೂಯಾರ್ಕಿನ ಅಂಗಡಿಗಳು ಒಂದಾದ ಮೇಲೊಂದು ಬೇಡ ಅಂದವು. ಗಂಡಸಾದವನು ಪೆಟ್ಟಿಗೆ ಎತ್ತಿಕೊಂಡು ಹೋಗಬೇಕು, ಎಳೆದುಕೊಂಡು ಹೋಗೋದಾ? ಕೊನೆಗೆ ಮೇಸೀಸ್ ಒಪ್ಪಿ ಮಾರಾಟಕ್ಕೆ ಇಟ್ಟಿತು. ಸ್ವೀಡನ್ನಿನ ಪತ್ರಕರ್ತೆ ಕತ್ರೀನ್ ಮಾರ್ಸಾಲ್ ತಮ್ಮ 'ಮದರ್ ಆಫ್ ಇನ್ವೆನ್ಷನ್' (2021) ಪುಸ್ತಕದಲ್ಲಿ ಚಕ್ರ ತಡವಾಗಿದ್ದಕ್ಕೆ ಮುಖ್ಯ ಕಾರಣವೇ ಈ ಗಂಡಸುತನ ಅನ್ನುತ್ತಾರೆ. ಗಂಡಸು ಎಳೆಯಲ್ಲ, ಹೆಂಗಸು ಒಬ್ಬಳೇ ಪ್ರಯಾಣ ಮಾಡಲ್ಲ, ಹಾಗಿದ್ದ ಮೇಲೆ ಚಕ್ರ ಯಾರಿಗೆ ಅನ್ನೋ ಲೆಕ್ಕಾಚಾರ. ನನಗೆ ಈ ವಾದ ಬಹುಮಟ್ಟಿಗೆ ಒಪ್ಪಿಗೆ. ಆದರೆ 1970ರಿಂದ ಈಚಿನ ಹದಿನೇಳು ವರ್ಷಕ್ಕೆ ಅದೊಂದೇ ಸಾಲದು. ಸ್ಯಾಡೋನ ಪೆಟ್ಟಿಗೆ ಎಳೆಯೋಕೆ ಕಷ್ಟವಾಗಿತ್ತು ಅನ್ನೋದೂ ನಿಜ.

ಯಾಕೆ ಅಂತ ನೋಡಿ. ಆತ ಸೂಟ್‌ಕೇಸನ್ನು ಅದು ಹೇಗಿತ್ತೋ ಹಾಗೇ ಉದ್ದಂಚಿನ ಮೇಲೆ ನಿಲ್ಲಿಸಿ, ಅಡಿಗೆ ನಾಲ್ಕು ಚಕ್ರ ಹಾಕಿದ. ಪೆಟ್ಟಿಗೆ ಎತ್ತರ, ಬುಡ ಸಣ್ಣ. ಮುಂದಿನ ಮೂಲೆಗೆ ಮೆತ್ತನೆಯ ಪಟ್ಟಿ. ಎಡ ಬಲ ಚಕ್ರಗಳ ನಡುವೆ 16 ಸೆಂ.ಮೀ. ಅಂತರ, ಪಟ್ಟಿ ಕಟ್ಟಿದ್ದು ನೆಲದಿಂದ 45 ಸೆಂ.ಮೀ. ಎತ್ತರದಲ್ಲಿ ಅಂತ ಇಟ್ಟುಕೊಳ್ಳಿ. ತಿರುವಿನಲ್ಲಿ ಪಟ್ಟಿಯನ್ನು ಪಕ್ಕಕ್ಕೆ ಎಳೆದರೆ 20 ಕೆಜಿ ಪೆಟ್ಟಿಗೆ ಮಗುಚೋಕೆ ಬೇಕಾಗೋದು 20 × 8 ÷ 45, ಅಂದರೆ ಮೂರೂವರೆ ಕೆಜಿಯಷ್ಟು ಬಲ ಮಾತ್ರ. ಚಿಕ್ಕ ಮಗು ಎಳೆದರೂ ಸಾಕು. ಇನ್ನು ಪಟ್ಟಿಯಿಂದ ಎಳೆಯಬಹುದೇ ಹೊರತು ತಡೆಯೋಕಾಗಲ್ಲ. ಇಳಿಜಾರು ಬಂದರೆ ಪೆಟ್ಟಿಗೆ ಹಿಂದಿನಿಂದ ಬಂದು ಹಿಮ್ಮಡಿಗೆ ಗುದ್ದುತ್ತೆ. ಕರುವಿಗೆ ಹಗ್ಗ ಕಟ್ಟಿ ಎಳೆದ ಹಾಗೆ. ಅದು ಬಂದರೆ ಬಂತು, ಇಲ್ಲವಾದರೆ ಇಲ್ಲ.

ವಿಮಾನದ ಸಿಬ್ಬಂದಿ ಆಗ ಬೇರೆ ಉಪಾಯ ಮಾಡಿಕೊಂಡಿದ್ದರು. ಮಡಚುವ ಸಣ್ಣ ಗಾಡಿ, ಅದರ ಮೇಲೆ ಬ್ಯಾಗಿಟ್ಟು ರಬ್ಬರ್ ಹಗ್ಗ ಬಿಗಿಯೋದು. ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನಲ್ಲಿ 747 ಹಾರಿಸುತ್ತಿದ್ದ ಪೈಲಟ್ ರಾಬರ್ಟ್ ಪ್ಲಾತ್ 1987ರಲ್ಲಿ ಆ ಗಾಡಿ, ಬ್ಯಾಗು ಎರಡನ್ನೂ ಒಂದೇ ಮಾಡಿದ. ಮೂರು ಬದಲಾವಣೆ. ಪೆಟ್ಟಿಗೆಯನ್ನು ಗಿಡ್ಡ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದು, ಚಕ್ರವನ್ನು ನಾಲ್ಕರಿಂದ ಎರಡಕ್ಕೆ ಇಳಿಸಿದ್ದು, ಪಟ್ಟಿಯ ಬದಲು ಒಳಗೆ ಹೋಗಿ ಹೊರಗೆ ಬರುವ ಗಟ್ಟಿ ಸರಳಿನ ಹಿಡಿ ಕೊಟ್ಟಿದ್ದು. ಹೆಸರು ರೋಲಬೋರ್ಡ್. ಮೊದಲು ಮಾರಿದ್ದು ಸಹೋದ್ಯೋಗಿಗಳಿಗೆ. ಗಗನಸಖಿಯರು ಅದನ್ನು ಎಳೆದುಕೊಂಡು ಏರ್‌ಪೋರ್ಟಿನಲ್ಲಿ ಸರಸರ ನಡೆದು ಹೋಗೋದೇ ಜಾಹೀರಾತಾಯ್ತು. ಆತ ಹಾರಾಟ ಬಿಟ್ಟು ಟ್ರಾವೆಲ್‌ಪ್ರೋ ಕಂಪನಿ ಕಟ್ಟಿದ.

ಗಟ್ಟಿ ಹಿಡಿಯಿಂದ ಆಗುವ ಅನುಕೂಲ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಬ್ಯಾಗ್ ಓರೆಯಾದಾಗ ಭಾರದ ಬಹುಪಾಲು ಚಕ್ರದ ಮೇಲೇ ಕೂರುತ್ತೆ. ಭಾರಕೇಂದ್ರ ಬ್ಯಾಗಿನ ಬೆನ್ನಿನುದ್ದಕ್ಕೆ ಚಕ್ರದಿಂದ 30 ಸೆಂ.ಮೀ. ಮೇಲೆ, ಬೆನ್ನಿನಿಂದ 11 ಸೆಂ.ಮೀ. ಒಳಗೆ ಇದೆ, ಹಿಡಿ 95 ಸೆಂ.ಮೀ. ದೂರ ಇದೆ ಅಂತ ಇಟ್ಟುಕೊಂಡು 45 ಡಿಗ್ರಿ ಓರೆಗೆ ಲೆಕ್ಕ ಹಾಕಿ. (30 − 11) ÷ 95, ಅಂದರೆ ಐದನೇ ಒಂದು ಪಾಲು. 20 ಕೆಜಿ ಬ್ಯಾಗಿಗೆ ಕೈ ಮೇಲೆ 4 ಕೆಜಿ ಅಷ್ಟೇ. ಹಿಡಿ ಉದ್ದವಾದಷ್ಟೂ ಇದು ಕಮ್ಮಿ. ಪುಸ್ತಕ, ಉಪ್ಪಿನಕಾಯಿ ಬಾಟಲಿ ಇಂಥ ಭಾರದ ಸಾಮಾನು ಚಕ್ರದ ಕಡೆ ತುಂಬಿದರೆ ಇನ್ನೂ ಕಮ್ಮಿ. ಗಟ್ಟಿ ಸರಳಾದ್ದರಿಂದ ಎಳೆಯಬಹುದು, ತಳ್ಳಬಹುದು, ಇಳಿಜಾರಿನಲ್ಲಿ ತಡೆಯಬಹುದು. ಎರಡು ಸರಳು ಇದ್ದರೆ ಬ್ಯಾಗ್ ತಿರುಚಿಕೊಳ್ಳೋದನ್ನೂ ಮಣಿಕಟ್ಟಿನಿಂದಲೇ ಸರಿ ಮಾಡಬಹುದು. ಚಕ್ರ ಭಾರ ಹೊತ್ತಿತು, ಆದರೆ ಅದಕ್ಕೆ ದಾರಿ ಹೇಳಿದ್ದು ಹಿಡಿ.

ಆದರೆ ಹೊಸ ಹಿಡಿಯ ಜೊತೆ ಹೊಸ ರೋಗಗಳೂ ಬಂದವು. ನನ್ನದೊಂದು ಬ್ಯಾಗಿನ ಹಿಡಿ ಮೇಲೆ ಬಂದದ್ದು ಕೆಳಗೆ ಹೋಗದೆ, ಕ್ಯಾಬಿನ್ನಿನಲ್ಲಿ ಮೇಲಿಡೋಕೂ ಆಗದೆ ಪಟ್ಟ ಪಾಡು ನನಗೇ ಗೊತ್ತು. ಮೆಜೆಸ್ಟಿಕ್ ಹತ್ತಿರದ ಒಬ್ಬ ರಿಪೇರಿಯವರು ಅದನ್ನು ಬಿಚ್ಚಿ ತೋರಿಸಿದರು. ಒಂದರೊಳಗೊಂದು ಕೂರುವ ಕೊಳವೆಗಳು. ಒಳಗಿನ ಕೊಳವೆಯ ತುದಿಯಲ್ಲಿ ಸ್ಪ್ರಿಂಗ್ ತಳ್ಳುವ ಒಂದು ಪುಟ್ಟ ಪಿನ್ನು, ಹೊರ ಕೊಳವೆಯಲ್ಲಿ ಅದು ಹೋಗಿ ಕೂರೋಕೆ ತೂತು. ಹಿಡಿಯ ಗುಂಡಿ ಒತ್ತಿದರೆ ಒಳಗಿನ ಕಡ್ಡಿ ಪಿನ್ನನ್ನು ತೂತಿನಿಂದ ಬಿಡಿಸುತ್ತೆ. ಎರಡು ಸರಳಿಗೂ ಒಂದೊಂದು ಪಿನ್ನು. ಒಂದು ಬಿಟ್ಟು ಇನ್ನೊಂದು ಬಿಡಲಿಲ್ಲ ಅಂದರೆ ಮುಗಿಯಿತು, ಸೊಟ್ಟಗೆ ಸಿಕ್ಕಿಕೊಳ್ಳುತ್ತೆ. "ಸಾರ್, ಇದು ಎತ್ತೋಕೆ ಇರೋದಲ್ಲ, ಎಳೆಯೋಕೆ ಮಾತ್ರ. ಎಲ್ಲರೂ ಇದನ್ನೇ ಹಿಡ್ಕೊಂಡು ಬಸ್ಸಿಗೆ ಎತ್ತಿ ಹಾಕ್ತಾರೆ, ಅಲ್ಲೇ ಹೋಗೋದು" ಅಂದರು. ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಲೋಡ್ ಬಗ್ಗೆ ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

ಅವರು ಹೇಳಿದ್ದರಲ್ಲಿ ವಿಷಯ ಇದೆ. ಎಳೆಯುವಾಗ 4 ಕೆಜಿ ಹೊರುವ ಪಿನ್ನುಗಳ ಮೇಲೆ ಎತ್ತಿದಾಗ ಪೂರ್ತಿ 20 ಕೆಜಿ ಬೀಳುತ್ತೆ, ಮೇಲಿಂದ ಜಗ್ಗು ಬೇರೆ. ಕೊಳವೆಗಳು ಸಲೀಸಾಗಿ ಜಾರಬೇಕು ಅಂದರೆ ನಡುವೆ ಸ್ವಲ್ಪ ಸಂದು ಬೇಕು. ಸಂದು ಇದ್ದರೆ ಹಿಡಿ ಅಲ್ಲಾಡುತ್ತೆ. ಅಲ್ಲಾಡೋದನ್ನು ಕಮ್ಮಿ ಮಾಡೋಕೆ ಪ್ಲಾಸ್ಟಿಕ್ ಬುಷ್ ಹಾಕುತ್ತಾರೆ, ಮೊದಲು ಸವೆಯೋದೂ ಅದೇ. ಬ್ಯಾಗ್ ಮಾಡುವವರಿಗೆ ಇನ್ನೊಂದು ತಲೆನೋವು, ಸರಳನ್ನು ಒಳಗಿಟ್ಟರೆ ಬಟ್ಟೆ ಇಡೋ ಜಾಗ ತಿನ್ನುತ್ತೆ, ಹೊರಗಿಟ್ಟರೆ ಪೆಟ್ಟು ತಿನ್ನುತ್ತೆ. ಆಮೇಲೆ ಎಲ್ಲ ಕಡೆಗೂ ತಿರುಗುವ ನಾಲ್ಕು ಚಕ್ರದ ಬ್ಯಾಗುಗಳು ಬಂದವು. ಅದರಲ್ಲಿ ಕೈಗೆ ಭಾರವೇ ಇಲ್ಲ, ಪಕ್ಕದಲ್ಲಿ ತಳ್ಳಿಕೊಂಡು ಹೋದರಾಯ್ತು. ಹೊಳೆಯುವ ಗ್ರಾನೈಟ್ ನೆಲ ಇರೋವರೆಗೆ. ಓಡುವ ಮೆಟ್ರೋದಲ್ಲಿ ಕೈ ಬಿಟ್ಟು ನೋಡಿ, ಅದೇ ಬೇರೆಯವರ ಹತ್ತಿರ ಹೋಗುತ್ತೆ :-)

ಸ್ಯಾಡೋನ ಪೇಟೆಂಟ್ ಅರ್ಜಿಯಲ್ಲಿ ಪೋರ್ಟರುಗಳು ಮೊದಲೇ ಮಾಯವಾಗಿದ್ದರು, ಚಕ್ರ ಆಮೇಲೆ ಬಂತು. ನಮ್ಮಲ್ಲಿ ಅದು ತಿರುಗುಮುರುಗು. ಕೂಲಿಯವರು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗಲೇ ಎಳೆಯುವ ಬ್ಯಾಗು ಅವರ ಮುಂದೆ ಉರುಳಿಕೊಂಡು ಹೋಯಿತು. 2008ರ ರೈಲ್ವೆ ಬಜೆಟ್‌ನಲ್ಲಿ ಲಾಲೂ ಪ್ರಸಾದ್ ಲೈಸೆನ್ಸ್ ಇರುವ ಪೋರ್ಟರುಗಳನ್ನು ಗ್ಯಾಂಗ್‌ಮನ್ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದರು. 2016ರ ಬಜೆಟ್‌ನಲ್ಲಿ ಸುರೇಶ್ ಪ್ರಭು ಉಳಿದವರ ಹೆಸರನ್ನು 'ಸಹಾಯಕ' ಅಂತ ಬದಲಾಯಿಸಿದರು. ಕೆಂಪು ಅಂಗಿ, ತೋಳಿನ ಬಿಲ್ಲೆ ಈಗಲೂ ಕಾಣುತ್ತೆ. ಆದರೆ ಗಾಡಿ ನಿಂತಾಗ ಬೋಗಿಯೊಳಗೆ ನುಗ್ಗಿ ಸಾಮಾನು ಹಿಡಿದುಕೊಳ್ಳುವ ಆ ಪೈಪೋಟಿ ಕಮ್ಮಿಯಾಗಿದೆ. ಇಳಿದವರೆಲ್ಲ ಟಕ್ ಅಂತ ಹಿಡಿ ಎಳೆದು ನಡೆಯುತ್ತಾರೆ.

ಲಿಫ್ಟು ಕೆಟ್ಟಿರುವ ಓವರ್‌ಬ್ರಿಡ್ಜಿನ ಬುಡದವರೆಗೆ. ಅಲ್ಲಿ ಸರಳು ಒಳಗೆ ಹೋಗುತ್ತೆ, ವಯಸ್ಸಾದವರು ಸುತ್ತ ನೋಡುತ್ತಾರೆ. ಕರೆದರೆ ಬಂದ ಸಹಾಯಕ ಮೇಲಿನ ಹಿಡಿಯನ್ನೂ ಮುಟ್ಟಲ್ಲ. ಬ್ಯಾಗನ್ನು ಅಡ್ಡ ಮಲಗಿಸಿ, ಒಂದು ಕೈ ಪಕ್ಕದ ಹಿಡಿಗೆ, ಇನ್ನೊಂದು ಕೈ ಚಕ್ರದ ಕೆಳಗೆ ಕೊಟ್ಟು, ಟ್ರಂಕು ಎತ್ತುವ ಹಾಗೇ ಎತ್ತಿ ಸಿಂಬಿಯ ಮೇಲೆ ಇಟ್ಟುಕೊಳ್ಳುತ್ತಾರೆ.