ಬುರುಡೆಯ ಹಗ್ಗ, ಹೆಣ್ಣಿನ ಅಳತೆ

ಹೊಳವನಹಳ್ಳಿಗೂ ಸಮುದ್ರಕ್ಕೂ ಎತ್ತಣಿಂದೆತ್ತಣ ಸಂಬಂಧ? ಕೊರಟಗೆರೆ ತಾಲ್ಲೂಕಿನ ಈ ಹೋಬಳಿ ಕೇಂದ್ರ ಪಾಳೆಯಗಾರರ ಕಾಲದ ಊರು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಈ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಮಳೆ ಕೈಹಿಡಿದ ವರ್ಷ ಸೇರುತ್ತದೆ ಎನ್ನುವುದೇ ಸರಿ. ಉಳಿದ ವರ್ಷಗಳಲ್ಲಿ ನದಿ ಎಂದರೆ ಮರಳು. ಆದರೂ ನೀರಿನಲ್ಲಿ ತೇಲುವ, ಮುಳುಗಿ ಏಳುವ ವಿದ್ಯೆ ಇಲ್ಲಿನವರಿಗೆ ಹೊಸದಲ್ಲ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಈ ಒಣಸೀಮೆಯಲ್ಲಿ ಒಂದು ಕಾಲಕ್ಕೆ ನೀರು ಕೈಗೆಟುಕುವಷ್ಟು ಮೇಲಿತ್ತು. ಕೆರೆಯ ಹಿಂದೆಯೋ ಹಳ್ಳದ ಮಗ್ಗುಲಲ್ಲೋ ಒರತೆ ತಾನಾಗಿ ಉಕ್ಕುವ ಜಾಗವನ್ನು ತೋಡಿ, ಅಲ್ಲಿಂದ ಕಾಲುವೆ ತೆಗೆದು ಗದ್ದೆಗೆ ಹಾಯಿಸುತ್ತಿದ್ದರು. ಅದಕ್ಕೆ ತಲಪರಿಗೆ ಎಂದು ಹೆಸರು. ಒರತೆ ಇಲ್ಲದ ಕಡೆ ಕಲ್ಲು ಕಟ್ಟಿದ ಮೆಟ್ಟಿಲು ಬಾವಿ, ಎತ್ತು ಹೂಡಿ ತೊಗಲಿನ ಚೀಲದಲ್ಲಿ ನೀರೆತ್ತುವ ಕಪಿಲೆ ಬಾವಿ.

ಈಜು ಕಲಿಯುತ್ತಿದ್ದುದು ಅಲ್ಲೇ. ಕಲಿಸುವ ಮೇಷ್ಟರು ಸೋರೆಬುರುಡೆ.

ಬಳ್ಳಿಯಲ್ಲೇ ಬಲಿಯಲು ಬಿಟ್ಟ ಸೋರೆಕಾಯಿ ಒಣಗಿ ಹಗುರಾಗಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುವ ಹೊತ್ತಿಗೆ ಈಜಿಗೆ ಸಿದ್ಧ. ತೂತು ಬೀಳದಂತೆ ನೋಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಎರಡು ಬುರುಡೆಗಳನ್ನು ಹಗ್ಗದಿಂದ ಜೋಡಿಸಿ, ಕಂಕುಳ ಕೆಳಗಿಂದ ಎದೆ ಸುತ್ತಿಸಿ ಬೆನ್ನಿಗೆ ಬಿಗಿದರೆ ಮುಗಿಯಿತು, ಹುಡುಗನನ್ನು ನೀರಿಗೆ ತಳ್ಳಬಹುದು. ಬುರುಡೆ ಇಲ್ಲದವರಿಗೆ ಬೇಲಿಯ ಕತ್ತಾಳೆ ಹೂಬಿಟ್ಟು ಒಣಗಿದ ಮೇಲೆ ಸಿಗುವ ಬೊಂಬಿತ್ತು, ಬಾಳೆದಿಂಡಿತ್ತು. ಲಾರಿ ಟ್ಯೂಬು, ಸೀಮೆಎಣ್ಣೆ ಕ್ಯಾನು ಆಮೇಲೆ ಬಂದವು. ಈ ಸಾಧನದಲ್ಲಿ ಗಮನಿಸಬೇಕಾದದ್ದು ಬುರುಡೆಗಿಂತ ಹಗ್ಗವನ್ನು. ಹಗ್ಗಕ್ಕೆ ಸೈಜ್ ಇಲ್ಲ. ಎಂಟು ವರ್ಷದ ಪೋರನಿಗೂ ಮೂವತ್ತರ ದಢೂತಿಗೂ ಅದೇ ಹಗ್ಗ. ಗಂಟು ಎಲ್ಲಿ ಬೀಳಬೇಕು ಎಂದು ತೀರ್ಮಾನಿಸುವುದು ಕಟ್ಟಿಸಿಕೊಳ್ಳುವವರ ಮೈ.

ಆದರೆ ಆ ಹಗ್ಗ ಹುಡುಗಿಯರ ಎದೆಗೆ ಬಿದ್ದದ್ದು ಕಡಿಮೆ. ಹುಡುಗರಿಗೆ ಬಾವಿ ಎಂದರೆ ಬೇಸಿಗೆ ರಜೆ, ಹುಡುಗಿಯರಿಗೆ ಬಾವಿ ಎಂದರೆ ಬಿಂದಿಗೆ. ದಿನಕ್ಕೆ ಹತ್ತು ಸಲ ಅದೇ ಮೆಟ್ಟಿಲು ಇಳಿಯುವವರಿಗೆ ಈಜು ಬಾರದು, ನೀರು ಹೊರದವರಿಗೆ ಈಜು ಬರುತ್ತದೆ! ಗಟ್ಟಿಗಿತ್ತಿಯರು ಇರಲಿಲ್ಲವೆಂದಲ್ಲ. ಖಾಲಿ ಕೊಡವನ್ನು ನೀರಿನ ಮೇಲೆ ಬೋರಲು ಹಾಕಿ ಅದರ ಮೇಲೆ ಎದೆಯೂರಿ ತೇಲುವ ಉಪಾಯ ಹಳ್ಳಿಯ ಹೆಂಗಸರಿಗೆ ಗೊತ್ತಿದ್ದದ್ದೇ. ಅದನ್ನು ಯಾರೂ ಈಜು ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೆ.

ಇದೇ ಸೋರೆಬುರುಡೆಯನ್ನು ಹೆಂಗಸರು ತಮ್ಮ ಕಸುಬಿನ ಸಾಧನ ಮಾಡಿಕೊಂಡ ಊರೊಂದಿದೆ. ಅದು ದಕ್ಷಿಣ ಕೊರಿಯಾದ ಜೆಜು ದ್ವೀಪ. ಅಲ್ಲಿ ಉಸಿರು ಬಿಗಿಹಿಡಿದು ಸಮುದ್ರದ ತಳಕ್ಕಿಳಿದು ಚಿಪ್ಪುಜೀವಿ, ಪಾಚಿ ಆರಿಸುವವರು ಹೆಂಗಸರು. ಹೆನ್ಯೊ ಎಂದು ಅವರ ಹೆಸರು. ಅವರ ಬಳಿ ಇರುತ್ತಿದ್ದ ತೇಲುಗ, ತೆವಾಕ್, ಒಣಗಿಸಿದ ಸೋರೆಬುರುಡೆಯೇ. ಅದರ ಕೆಳಗೊಂದು ಬಲೆಚೀಲ. ತೆವಾಕನ್ನು ಮೇಲೆ ತೇಲಲು ಬಿಟ್ಟು ಮುಳುಗುತ್ತಾರೆ, ಎದ್ದು ಬಂದು ಅದರ ಮೇಲೆ ಎದೆಯಿಟ್ಟು ಉಸಿರಾಡಿಕೊಳ್ಳುತ್ತಾರೆ, ಸಿಕ್ಕಿದ್ದನ್ನು ಚೀಲಕ್ಕೆ ಹಾಕುತ್ತಾರೆ. ಮಧುಗಿರಿ ಕಡೆಯ ಬಾವಿಯಲ್ಲಿ ತೇಲುತ್ತಿದ್ದ ಕಾಯಿಯೂ ಜೆಜು ಕಡಲಲ್ಲಿ ತೇಲುತ್ತಿದ್ದ ಕಾಯಿಯೂ ಒಂದೇ ಜಾತಿಯದು. ಬುರುಡೆಯ ಜಾಗಕ್ಕೆ ಈಗ ಥರ್ಮೋಕೋಲ್ ಬಂದಿದೆ. 1970ರ ದಶಕದಲ್ಲಿ ಹತ್ತಿ ಬಟ್ಟೆಯ ಬದಲು ರಬ್ಬರ್ ಸೂಟು ಬಂತು. ಆ ಸೂಟು ಮೈಯನ್ನು ಮೇಲಕ್ಕೆ ಎತ್ತುವುದರಿಂದ ಸೊಂಟಕ್ಕೆ ಸೀಸದ ಪಟ್ಟಿಯೂ ಬಂತು. 2016ರಲ್ಲಿ ಯುನೆಸ್ಕೊ ಹೆನ್ಯೊ ಸಂಸ್ಕೃತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಬುರುಡೆಗೆ ಒಂದು ಮಿತಿ ಇದೆ. ಅದು ತೇಲಿಸುತ್ತದೆ, ಮುಳುಗಲು ಬಿಡುವುದಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಇಳಿಯುವವರಿಗೆ ಬೇಕಾದದ್ದು ಮೂರನೆಯ ಸ್ಥಿತಿ: ತೇಲಲೂಬಾರದು, ಮುಳುಗಲೂಬಾರದು, ನಡುನೀರಿನಲ್ಲಿ ಇದ್ದಲ್ಲೇ ಇರಬೇಕು. ಜಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ಫ್ರಾನ್ಸಿನಲ್ಲಿ ಆಕ್ವಾಲಂಗ್ ಎಂಬ ಉಸಿರಾಟದ ಸಲಕರಣೆ ರೂಪಿಸಿದಾಗ ಹಾಗೆ ನಡುನೀರಿನಲ್ಲಿ ನಿಲ್ಲಿಸುವ ಯಾವ ಸಾಧನವೂ ಇರಲಿಲ್ಲ. ಸೊಂಟಕ್ಕೆ ಸೀಸ ಕಟ್ಟಿಕೊಂಡು, ಉಸಿರಿನ ಏರಿಳಿತದಲ್ಲೇ ಸಂಭಾಳಿಸಬೇಕಿತ್ತು. ಈ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಹೆಸರು ಕೂಸ್ತೊವಿನ ಹೆಂಡತಿ ಸಿಮೋನ್ ಮೆಲ್ಶಿಯೋರ್‌ಳದು. ಗಾನ್ಯಾನ್ ದುಡಿಯುತ್ತಿದ್ದ ಏರ್ ಲಿಕ್ವಿಡ್ ಕಂಪನಿಯಲ್ಲಿ ಆಕೆಯ ತಂದೆ ದೊಡ್ಡ ಅಧಿಕಾರಿ. ಇಬ್ಬರು ಸಂಶೋಧಕರು ಭೇಟಿಯಾದದ್ದು ಆ ನಂಟಿನಿಂದ. ಆಕ್ವಾಲಂಗ್ ಹೊತ್ತು ಮುಳುಗಿದ ಮೊದಲ ಹೆಂಗಸರಲ್ಲಿ ಆಕೆಯೂ ಒಬ್ಬಳು.

ತೊಡಕು ಹೆಚ್ಚಿದ್ದು ನಿಯೋಪ್ರೀನ್ ಸೂಟಿನಿಂದ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ರೂಪಿಸಿದ ಈ ಬೆಚ್ಚನೆ ಸೂಟಿನ ತುಂಬ ಗಾಳಿಗುಳ್ಳೆಗಳು. ಹತ್ತು ಮೀಟರ್ ಇಳಿದರೆ ನೀರಿನ ಭಾರಕ್ಕೆ ಒತ್ತಡ ಇಮ್ಮಡಿಯಾಗುತ್ತದೆ, ಗುಳ್ಳೆಗಳು ಕುಗ್ಗುತ್ತವೆ, ಮೇಲೆ ತೇಲುತ್ತಿದ್ದ ಮನುಷ್ಯ ಕೆಳಗೆ ಕಲ್ಲಾಗುತ್ತಾನೆ. ಸೋರೆಬುರುಡೆಯ ಗಟ್ಟಿ ಓಡಿಗೆ ಈ ಕಷ್ಟವಿರಲಿಲ್ಲ. ಇನ್ನೊಂದು ಕಡೆ, ಸಿಲಿಂಡರಿನ ಗಾಳಿಗೂ ತೂಕವಿದೆ. 11 ಲೀಟರಿನ ಸಿಲಿಂಡರಿನಿಂದ ಒಂದು ಮುಳುಗಿಗೆ ಸುಮಾರು ಎರಡು ಕಿಲೊ ಗಾಳಿ ಖರ್ಚಾಗುತ್ತದೆ. ಅಂದರೆ ಕೊನೆಕೊನೆಗೆ ಮೈ ಹಗುರಾಗುತ್ತ ಮೇಲಕ್ಕೆ ಎಳೆಯುತ್ತದೆ. ಇವೆರಡನ್ನೂ ಸರಿದೂಗಿಸಲು ಬೇಕಾದಾಗ ಗಾಳಿ ತುಂಬಿ ಬೇಡವಾದಾಗ ಬಿಡುವ ಚೀಲವೊಂದು ಬೇಕಾಯಿತು.

ಫ್ರಾನ್ಸಿನ ಮೋರಿಸ್ ಫೆಂಜಿ 1961ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕತ್ತಿನ ಸುತ್ತ ಬಂದು ಎದೆಯ ಮೇಲೆ ಇಳಿಬೀಳುವ ಚೀಲ. ಬಾಯಿಂದ ಊದಬೇಕು, ಮುಂದಿನವುಗಳಿಗೆ ಪುಟ್ಟ ಗಾಳಿಬಾಟ್ಲಿ ಜೊತೆಯಾಯಿತು. ಕುದುರೆಯ ಕೊರಳಪಟ್ಟಿಯಂತೆ ಕಾಣುತ್ತಿದ್ದುದರಿಂದ ಹಾರ್ಸ್ ಕಾಲರ್ ಎಂದೇ ಹೆಸರಾಯಿತು. ಇದರ ಪೂರ್ವಜ ಎರಡನೆಯ ಮಹಾಯುದ್ಧದ ವಿಮಾನ ಸಿಬ್ಬಂದಿ ತೊಡುತ್ತಿದ್ದ ಉಬ್ಬುಜಾಕೆಟ್. ಊದಿಕೊಂಡಾಗ ಎದೆ ಉಬ್ಬಿ ಕಾಣುತ್ತದೆಂದು ಸೈನಿಕರು ಅದನ್ನು ಹಾಲಿವುಡ್ ನಟಿ ಮೇ ವೆಸ್ಟ್ ಹೆಸರಿನಿಂದ ಕರೆಯುತ್ತಿದ್ದರು. ಹೆಣ್ಣಿನ ಎದೆ ತಮಾಷೆಗೆ ಒದಗಿತು, ಅಳತೆಗೆ ಬರಲಿಲ್ಲ.

ಅಳತೆಗೆ ಬರಲು ಬಹಳ ಕಾಲ ಹಿಡಿಯಿತು. 1970ರ ದಶಕದಲ್ಲಿ ಸ್ಕೂಬಾಪ್ರೊ ಕಂಪನಿಯ ಸ್ಟ್ಯಾಬ್ ಜಾಕೆಟ್ ಬಂತು. ತೋಳಿಲ್ಲದ ಕೋಟಿನಂತೆ ತೊಟ್ಟುಕೊಂಡರೆ ಗಾಳಿ ಬೆನ್ನು, ಭುಜ, ಪಕ್ಕೆಗಳಿಗೆಲ್ಲ ಹರಡುತ್ತದೆ. ಸಿಲಿಂಡರ್ ಕಟ್ಟುವ ಪಟ್ಟಿಯೂ ಅದರಲ್ಲೇ. ಅದೇ ಹೊತ್ತಿಗೆ, 1972ರಲ್ಲಿ, ವಾಟರ್‌ಗಿಲ್ ಎಂಬ ಕಂಪನಿ ಚೀಲವನ್ನು ಪೂರ್ತಿ ಬೆನ್ನ ಹಿಂದಕ್ಕೆ ಒಯ್ದಿತು. ಇವತ್ತು ಬಿಸಿಡಿ ಎಂದು ಡೈವರ್‌ಗಳ ಬಾಯಲ್ಲಿರುವ ಸಾಧನಗಳೆಲ್ಲ ಈ ಎರಡು ಕವಲುಗಳ ಮಕ್ಕಳು, ಮೊಮ್ಮಕ್ಕಳು. ಮೊದಮೊದಲು ಯಾವುದನ್ನು ಹೊಲಿಯುವಾಗಲೂ ಎದುರಿಗೆ ನಿಲ್ಲಿಸಿಕೊಂಡದ್ದು ಗಂಡಸನ್ನೇ. ಸೇನೆಯಿಂದ ಬಂದ ವಿದ್ಯೆ, ಸೇನೆಯ ಅಳತೆ.

ಹೆಂಗಸರೇ ಇರಲಿಲ್ಲ, ಯಾರಿಗೆ ಹೊಲಿಯುವುದು ಎಂದು ಕೇಳುವಂತಿಲ್ಲ. ಆಸ್ಟ್ರಿಯಾದ ಲೊಟ್ಟೆ ಹಾಸ್ 1950ರ ಸುಮಾರಿಗೇ ಕೆಂಪು ಸಮುದ್ರದಲ್ಲಿ ಇಳಿದು ಸಿನಿಮಾದಲ್ಲಿ ಕಾಣಿಸಿಕೊಂಡಿದ್ದಳು. ಕ್ಯಾಲಿಫೋರ್ನಿಯಾದ ಡಾಟಿ ಫ್ರೇಜಿಯರ್ 1955ರಲ್ಲೇ ಸ್ಕೂಬಾ ಬೋಧಕಿಯಾಗಿ, ಮುಂದೆ ಡೈವಿಂಗ್ ಸೂಟುಗಳನ್ನು ತಾನೇ ತಯಾರಿಸಿದಳು. 1970ರಲ್ಲಿ ವರ್ಜಿನ್ ಐಲ್ಯಾಂಡ್ಸ್‌ನ ಸಮುದ್ರದಡಿ ಸುಮಾರು 15 ಮೀಟರ್ ಆಳದ ಟೆಕ್ಟೈಟ್ ಮನೆಯಲ್ಲಿ ಸಿಲ್ವಿಯಾ ಅರ್ಲ್ ನಾಯಕತ್ವದ ಐವರು ಹೆಂಗಸರು ಎರಡು ವಾರ ಇದ್ದು ಸಂಶೋಧನೆ ನಡೆಸಿದರು. ಗಂಡಸರ ಜೊತೆ ಹೆಂಗಸರನ್ನು ಇರಿಸಲು ಆಗಿನ ಅಧಿಕಾರಿಗಳಿಗೆ ಮುಜುಗರ. ಹಾಗಾಗಿ ಹೆಂಗಸರದೇ ತಂಡ! ಆ ಮುಜುಗರಕ್ಕೊಂದು ನಮಸ್ಕಾರ ಹೇಳಬೇಕು. ಅದಿಲ್ಲದಿದ್ದರೆ ಈ ಐವರ ಹೆಸರು ಇಷ್ಟು ಎದ್ದು ಕಾಣುತ್ತಿರಲಿಲ್ಲ.

ಇಷ್ಟಾದರೂ ಅಂಗಡಿಯಲ್ಲಿ ಬಹುಕಾಲ ಲೇಡೀಸ್ ಜಾಕೆಟ್ ಎಂದರೆ ಗಂಡಸರ ಚಿಕ್ಕ ಸೈಜಿಗೆ ಗುಲಾಬಿ ಅಂಚು ಹೊಲಿದದ್ದು. ಸೀಕ್ವೆಸ್ಟ್‌ನ ದೀವಾ, ಜೀಗಲ್‌ನ ಜೀನಾ, ಸ್ಕೂಬಾಪ್ರೊದ ಲೇಡಿಹಾಕ್, ಮಾರೆಸ್ ಕಂಪನಿಯ ಶಿ ಡೈವ್ಸ್ ಸಾಲು ಇವೆಲ್ಲ ಬಂದ ಮೇಲೆ ಕತ್ತರಿಯ ಜಾಡು ಬದಲಾಯಿತು. ಏನು ಬದಲಾಯಿತು ಎಂಬುದನ್ನು ಹತ್ತಿರದಿಂದ ನೋಡಬೇಕು.

ಮೊದಲನೆಯದು ಬೆನ್ನಿನ ಉದ್ದ. ಭುಜಕ್ಕೆ ಸರಿಹೋಗುವ ಗಂಡಸರ ಜಾಕೆಟ್ ಹೆಣ್ಣಿಗೆ ಸೊಂಟ ದಾಟಿ ಇಳಿಯುತ್ತದೆ. ಆಗ ಹೊಟ್ಟೆಪಟ್ಟಿ ಪಕ್ಕೆಲುಬಿನ ಕೆಳಗೆ ಕೂರದೆ ಸೀಸದ ಬೆಲ್ಟಿನ ಮೇಲೆ ಕೂರುತ್ತದೆ. ತುರ್ತಿನಲ್ಲಿ ಬೆಲ್ಟು ಬಿಚ್ಚಿ ಬಿಸಾಡಬೇಕಾದಾಗ ಕೈಗೆ ಸಿಗದಿದ್ದರೆ ಅದು ಬರೀ ಕಿರಿಕಿರಿಯ ಮಾತಲ್ಲ. ಸಿಲಿಂಡರಿನ ತಳ ಹಿಂಭಾಗಕ್ಕೆ ಬಡಿಯುತ್ತದೆ. ಮೇಲಕ್ಕೆ ಸರಿಸಿದರೆ ಅದರ ಕವಾಟ ತಲೆಯ ಹಿಂಬದಿಗೆ ಬಡಿಯುತ್ತದೆ. ಎರಡನೆಯದು ಭುಜದ ಪಟ್ಟಿ. ಗಂಡಸರದ್ದು ನೇರ ಇಳಿಯುತ್ತದೆ, ಹೆಂಗಸರಿಗೆಂದೇ ಹೊಲಿದದ್ದು ಎದೆಯ ಹೊರಬದಿಯಿಂದ ಬಳಸಿ ಬರುತ್ತದೆ. ಎದೆಗೆ ಅಡ್ಡ ಬರುವ ಪಟ್ಟಿ ಮೇಲೆ-ಕೆಳಗೆ ಜರುಗುವಂತಿದ್ದರೆ ಮಾತ್ರ ಉಪಯೋಗ, ಇಲ್ಲದಿದ್ದರೆ ಅದು ಒತ್ತಬಾರದ ಜಾಗದಲ್ಲೇ ಒತ್ತುತ್ತದೆ. ಮೂರನೆಯ ತೊಂದರೆ ನೀರಿನ ಮೇಲಿದ್ದಾಗ ತಿಳಿಯುವಂಥದ್ದು. ಜಾಕೆಟ್ ಪೂರ್ತಿ ಉಬ್ಬಿದರೆ ಪಕ್ಕೆಗಳನ್ನು ಅದುಮಿ ಉಸಿರು ಕಟ್ಟಿಸುತ್ತದೆ. ಕಾಪಾಡಬೇಕಾದ ಸಾಧನವೇ ಎದೆ ಹಿಂಡುತ್ತದೆ.

ಬೆನ್ನ ಹಿಂದೆ ಉಬ್ಬುವ ಬಗೆಯಲ್ಲಿ ಎದೆ, ಹೊಟ್ಟೆ ಮುಕ್ತವಾಗಿರುತ್ತವೆ. ಅನೇಕ ಹೆಂಗಸರು ಅದನ್ನೇ ಇಷ್ಟಪಡುವುದು ಈ ಕಾರಣಕ್ಕೆ. ಅದರದ್ದೂ ಒಂದು ಚಾಳಿ ಇದೆ: ನೀರಿನ ಮೇಲೆ ಹೆಚ್ಚು ಗಾಳಿ ತುಂಬಿದರೆ ಮುಖ ಮುಂದಕ್ಕೆ ನೂಕುತ್ತದೆ. ಗಾಳಿ ಸ್ವಲ್ಪ ಕಡಿಮೆ ಇಟ್ಟು ಹಿಂದಕ್ಕೆ ಒರಗಿದರೆ ಅದಕ್ಕೆ ಮದ್ದು. ಇನ್ನೂ ಒಂದು ದಾರಿ ಫ್ಲಾರಿಡಾದ ಗುಹೆಗಳಲ್ಲಿ ಮುಳುಗುತ್ತಿದ್ದವರಿಂದ ಬಂತು. ಅವರು ಅಂಗಡಿಯ ಜಾಕೆಟನ್ನೇ ಕೈಬಿಟ್ಟು, ಬೆನ್ನಿಗೊಂದು ಲೋಹದ ಫಲಕ, ಅದರ ಹಿಂದೆ ಗಾಳಿಚೀಲ, ಮುಂದಕ್ಕೆ ಉದ್ದಾನುದ್ದ ಒಂದೇ ನೈಲಾನ್ ಪಟ್ಟಿ ಕಟ್ಟಿಕೊಂಡರು. ಪಟ್ಟಿಯನ್ನು ಅವರವರ ಮೈಗೆ ತಕ್ಕಂತೆ ಎಳೆದು, ಅಳೆದು, ಉಳಿದದ್ದನ್ನು ಕತ್ತರಿಸಬೇಕು. ಸಣ್ಣ ಮೈಗೆ ಗಿಡ್ಡ ಫಲಕಗಳೂ ಸಿಗುತ್ತವೆ. ಹೆಣ್ಣು ಗಂಡೆಂಬ ಭೇದವೇ ಇಲ್ಲದ ಈ ಸರಂಜಾಮು ಹಲವು ಹೆಂಗಸರಿಗೆ ಲೇಡೀಸ್ ಜಾಕೆಟ್ಟಿಗಿಂತ ಚೆನ್ನಾಗಿ ಕೂರುತ್ತದೆ. ಬಾವಿಯ ಬುರುಡೆಗೆ ಕಟ್ಟುತ್ತಿದ್ದ ಹಗ್ಗದ ತರ್ಕವೇ ಇದು. ಡೈವಿಂಗ್ ಲೋಕ ಸುತ್ತಿ ಬಳಸಿ ತಲುಪಿದ ಜಾಗದಲ್ಲಿ ಕತ್ತಾಳೆ ನಾರಿನ ಹಗ್ಗ ಮೊದಲೇ ಕೂತಿತ್ತು.

ಹೊಳವನಹಳ್ಳಿ ಸೀಮೆಯಲ್ಲಿ ಈಗ ಆ ಹಗ್ಗಕ್ಕೆ ಕೆಲಸವಿಲ್ಲ. ಬೋರ್‌ವೆಲ್‌ಗಳು ಆಳಕ್ಕಿಳಿದ ಹಾಗೆ ತೆರೆದ ಬಾವಿಗಳು ಬತ್ತಿದವು, ಬತ್ತಿದ ಬಾವಿಗಳು ಕಸದ ಗುಂಡಿಗಳಾದವು. ಬಹುಪಾಲು ತಲಪರಿಗೆಗಳು ಹೂತುಹೋದವು. ಗೊರವನಹಳ್ಳಿ ಮಹಾಲಕ್ಷ್ಮಿ ದೇವಸ್ಥಾನದ ಮಗ್ಗುಲಿನ ತೀತಾ ಜಲಾಶಯ ತುಂಬಿದ ವರ್ಷ ಜನ ನೋಡಲು ಹೋಗುತ್ತಾರೆ, ಫೋಟೊ ತೆಗೆಸಿಕೊಂಡು ಬರುತ್ತಾರೆ. ನೀರಿಗೆ ಇಳಿಯುವ ಆಸೆ ಇದ್ದವರು, ಅದರಲ್ಲೂ ಬೆಂಗಳೂರು ತುಮಕೂರಿನಲ್ಲಿ ಕೆಲಸಕ್ಕಿರುವ ಹೆಣ್ಣುಮಕ್ಕಳು, ವಾರಾಂತ್ಯಕ್ಕೆ ಮುರುಡೇಶ್ವರದ ಬಸ್ಸು ಹತ್ತುತ್ತಾರೆ.

ಅಲ್ಲಿಂದ ಸುಮಾರು 19 ಕಿಲೊಮೀಟರ್ ದೂರದ ನೇತ್ರಾಣಿ ದ್ವೀಪ ಕರ್ನಾಟಕದ ಸ್ಕೂಬಾ ತಾಣ. ಮಳೆಗಾಲದಲ್ಲಿ ಬಾಗಿಲು ಹಾಕಿ, ಕಡಲು ತಿಳಿಯಾದ ಮೇಲೆ ಮತ್ತೆ ಶುರು. ಪುನೀತ್ ರಾಜ್‌ಕುಮಾರ್ ಅವರ 'ಗಂಧದಗುಡಿ' ಚಿತ್ರ 2022ರಲ್ಲಿ ನೇತ್ರಾಣಿಯ ಕಡಲನ್ನೂ ತೆರೆಗೆ ತಂದ ಮೇಲೆ ಕನ್ನಡಿಗರಿಗೆ ಆ ನೀಲಿ ನೀರಿನ ಹುಚ್ಚು ಇನ್ನಷ್ಟು ಹತ್ತಿತು. ಈಜು ಬಾರದವರನ್ನೂ ಬೋಧಕರು ಕೈಹಿಡಿದು ಇಳಿಸುತ್ತಾರೆ. ಬಾವಿಯಲ್ಲಿ ಅವಕಾಶ ಸಿಗದ ಅಜ್ಜಿಯ ಮೊಮ್ಮಗಳು ನೇರ ಸಮುದ್ರಕ್ಕೇ ಇಳಿಯುತ್ತಾಳೆ, ಇದು ಸಣ್ಣ ಸಂಗತಿಯಲ್ಲ. ಆದರೆ ಬಾಡಿಗೆ ಜಾಕೆಟ್ಟುಗಳ ರಾಶಿಯಲ್ಲಿ ಮೀಡಿಯಂ, ಲಾರ್ಜ್ ಸಿಗುವಷ್ಟು ಸುಲಭವಾಗಿ ಹೆಣ್ಣಿನ ಅಳತೆ ಸಿಗುವುದಿಲ್ಲ. ಹೊಸಬರಿಗೆ ಕೇಳಲು ಸಂಕೋಚ. ಎದೆ ಬಿಗಿದರೆ ಅದು ಭಯದಿಂದ ಎಂದುಕೊಳ್ಳುತ್ತಾರೆ, ಎಷ್ಟೋ ಸಲ ಅದು ಪಟ್ಟಿಯ ಕೆಲಸ.

ಆದ್ದರಿಂದ ಮೊದಲ ಬಾರಿ ಇಳಿಯುವ ಹೆಣ್ಣುಮಕ್ಕಳು ಬೋಟು ಹತ್ತುವ ಮುನ್ನವೇ ಒಂದು ಕೆಲಸ ಮಾಡಬೇಕು. ಈಜುಡುಗೆಯ ಮೇಲೇ ಜಾಕೆಟ್ ತೊಟ್ಟು, ಸಿಲಿಂಡರ್ ಕಟ್ಟಿಸಿ, ಪೂರ್ತಿ ಗಾಳಿ ತುಂಬಿಸಿ. ಹೆಚ್ಚಾದ ಗಾಳಿ ಕವಾಟದಿಂದ ಸುಯ್ಯೆಂದು ಹೊರಬರುವ ತನಕ ತುಂಬಿಸಿ, ಆಮೇಲೆ ದೀರ್ಘವಾಗಿ ಉಸಿರೆಳೆದು ನೋಡಿ. ಕೈ ಮೇಲೆತ್ತಿ, ಬಾಗಿ, ಸೀಸದ ಬೆಲ್ಟಿನ ಬಕಲನ್ನು ಕಣ್ಣುಮುಚ್ಚಿ ಮುಟ್ಟಲು ಆಗುತ್ತದೆಯೇ ನೋಡಿ. ಉಸಿರು ಸಲೀಸಾಗಿ ಬಾರದಿದ್ದರೆ, ಜಾಕೆಟ್ ಕಿವಿಯವರೆಗೆ ಏರಿ ಬರುತ್ತಿದ್ದರೆ, ಸಂಕೋಚಪಡದೆ ಬೇರೆ ಸೈಜು ಕೇಳಿ.