ಗಾಯಕ್ಕೆ ಕಟ್ಟುವ ಲೆಕ್ಕ: ಬೆಳಗಾವಿ–ಖಾನಾಪುರ ರಸ್ತೆಯ ಅಪಘಾತ ಪರಿಹಾರ ಮತ್ತು ತಂತ್ರಾಂಶದ ಪ್ರಶ್ನೆ

ಬೆಳಗಾವಿಯಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 748 ಉದ್ಯಮಬಾಗ, ಮಚ್ಛೆಗಳ ಕಾರ್ಖಾನೆ ಸಾಲನ್ನು ದಾಟಿ ಖಾನಾಪುರ ಸೇರುತ್ತದೆ. ಅಲ್ಲಿಂದ ಲೋಂಡಾ, ಅನಮೋಡ ಘಟ್ಟದ ಮೂಲಕ ಗೋವಾಕ್ಕೆ ಇಳಿಯುತ್ತದೆ. ಬೆಳಗಿನ ಪಾಳಿಗೆ ಫೌಂಡ್ರಿ, ಲೇತ್ ಅಂಗಡಿಗಳತ್ತ ಬೈಕಿನಲ್ಲಿ ಬರುವ ತಾಲ್ಲೂಕಿನ ಕಾರ್ಮಿಕರು, ಹೆಂಚು ಮತ್ತು ಇಟ್ಟಿಗೆ ಹೇರಿದ ಟ್ರಕ್ಕುಗಳು, ಗೋವಾದ ಪ್ರವಾಸಿ ಕಾರುಗಳು ಎಲ್ಲವೂ ಸಾಗುವುದು ಈ ರಸ್ತೆಯಲ್ಲೇ. ಇಲ್ಲಿ ಒಬ್ಬನ ಕಾಲು ಮುರಿದರೆ ಅದಕ್ಕೆ ಸಲ್ಲುವ ಹಣವನ್ನು ಯಾರು, ಯಾವ ಲೆಕ್ಕದಿಂದ ನಿರ್ಧರಿಸುತ್ತಾರೆ ಎಂಬುದು ಈ ಲೇಖನದ ವಿಷಯ. ವಿಮಾ ಕಂಪನಿಗಳ ತಂತ್ರಾಂಶದ ಬಗೆಗಿನ ಚರ್ಚೆಯಲ್ಲಿ ಸಾಮಾನ್ಯವಾಗಿ ಯಂತ್ರ ಮತ್ತು ಮನುಷ್ಯರನ್ನು ಎದುರುಬದುರು ನಿಲ್ಲಿಸಲಾಗುತ್ತದೆ. ಬೆಳಗಾವಿಯ ಅನುಭವ ಬೇರೆಯದನ್ನು ಹೇಳುತ್ತದೆ. ಇಲ್ಲಿ ನ್ಯಾಯಾಧೀಶರು ಬಳಸುವುದೂ ಒಂದು ಸೂತ್ರವನ್ನೇ. ಆ ಸೂತ್ರದೊಳಗೆ ಹೋಗುವ ಅಂಕಿಯನ್ನು ಗಾಯಾಳು ನೋಡಬಹುದೇ, ಪ್ರಶ್ನಿಸಬಹುದೇ ಎಂಬುದರ ಮೇಲೆ ನ್ಯಾಯ ನಿಂತಿದೆ.

ಗಾಯಕ್ಕೆ ಮೊತ್ತ ಲೆಕ್ಕಹಾಕುವ ಇಂಥ ತಂತ್ರಾಂಶಗಳಲ್ಲಿ ಹೆಚ್ಚು ಹೆಸರಾದದ್ದು ಕೊಲೋಸಸ್. ಆಸ್ಟ್ರೇಲಿಯದ ಸರ್ಕಾರಿ ವಿಮಾ ಸಂಸ್ಥೆಯೊಂದರಲ್ಲಿ 1980ರ ದಶಕದ ಕೊನೆಗೆ ರೂಪುಗೊಂಡ ಇದು ಮುಂದೆ ಅಮೆರಿಕದ ದೊಡ್ಡ ವಿಮಾ ಕಂಪನಿಗಳ ಕೈಸೇರಿತು. ಕ್ಲೇಮು ನೋಡುವ ಸಿಬ್ಬಂದಿ ಗಾಯದ ಸಂಕೇತ, ಚಿಕಿತ್ಸೆಯ ಬಗೆ ಮತ್ತು ಅವಧಿ, ವೈದ್ಯರು ಹೇಳಿದ ಉಳಿಕೆ ನ್ಯೂನತೆ ಇವನ್ನೆಲ್ಲ ತುಂಬುತ್ತಾರೆ. ತಂತ್ರಾಂಶ ಇವಕ್ಕೆ ತೀವ್ರತೆಯ ಅಂಕ ಕೊಟ್ಟು, ಅಂಕವನ್ನು ಡಾಲರಿಗೆ ಪರಿವರ್ತಿಸುತ್ತದೆ. ಒಂದು ಅಂಕಕ್ಕೆ ಎಷ್ಟು ಡಾಲರು ಎಂಬುದನ್ನು ಮಾತ್ರ ಆಯಾ ಕಂಪನಿಯೇ ತನ್ನ ಹಿಂದಿನ ಇತ್ಯರ್ಥಗಳ ಆಧಾರದ ಮೇಲೆ ಹೊಂದಿಸಿಕೊಳ್ಳುತ್ತದೆ. ವಿವಾದ ಎದ್ದದ್ದು ಈ ಹೊಂದಾಣಿಕೆಯ ಬಗ್ಗೆ. ಹಳೆಯ ಇತ್ಯರ್ಥಗಳ ಪಟ್ಟಿಯಿಂದ ದೊಡ್ಡ ಮೊತ್ತದ ತೀರ್ಪುಗಳನ್ನು ಹೊರಗಿಟ್ಟರೆ ಯಂತ್ರ ತಾನಾಗಿಯೇ ಕಡಿಮೆ ಹೇಳುತ್ತದೆ, ಅದಕ್ಕೆ ಯಾರೂ ಸುಳ್ಳು ಬರೆಯಬೇಕಾಗಿಲ್ಲ. 2010ರಲ್ಲಿ ಆಲ್‌ಸ್ಟೇಟ್ ಕಂಪನಿ 45 ರಾಜ್ಯಗಳ ನಿಯಂತ್ರಕರ ತನಿಖೆಯನ್ನು 1 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡಿತು. ಹೊಂದಾಣಿಕೆಯಲ್ಲಿ ಏಕರೂಪತೆ ಇಲ್ಲದಿದ್ದುದು ಅಲ್ಲಿನ ಮುಖ್ಯ ಆಕ್ಷೇಪವಾಗಿತ್ತು.

ನಮ್ಮಲ್ಲಿ ಸೂತ್ರ ಕೋಷ್ಟಕದ ರೂಪ ಪಡೆದದ್ದು ಕಾಯ್ದೆಯ ಮೂಲಕ. 1988ರ ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ 163ಎ ಕಲಮು ಮತ್ತು ಎರಡನೆಯ ಅನುಸೂಚಿ ಸೇರಿದವು. ವಯಸ್ಸು ಮತ್ತು ವಾರ್ಷಿಕ ಆದಾಯ ನೋಡಿ ನೇರವಾಗಿ ಮೊತ್ತ ಓದಿಕೊಳ್ಳುವ ಕೋಷ್ಟಕ ಅದು. ಅದರ ಗುಣಾಕಾರವೇ ತಪ್ಪಾಗಿತ್ತು. 1996ರ ತ್ರಿಲೋಕ್ ಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಾಲು ಹಿಡಿದು ತೋರಿಸಿತು: 3,000 ರೂಪಾಯಿಯನ್ನು 15ರಿಂದ ಗುಣಿಸಿದರೆ 45,000 ಬರಬೇಕು, ಕೋಷ್ಟಕದಲ್ಲಿ 60,000 ಇದೆ, 9,000ವನ್ನು 16ರಿಂದ ಗುಣಿಸಿದರೆ 1,44,000 ಆಗಬೇಕು, ಅಲ್ಲಿರುವುದು 1,71,000. ಆದರೂ ಆ ಕೋಷ್ಟಕ 2018ರ ಮೇ ತಿಂಗಳವರೆಗೆ ಕಾಯ್ದೆಯ ಪುಸ್ತಕದಲ್ಲಿ ಉಳಿಯಿತು. ಈ ತಪ್ಪು ನಮ್ಮ ಕಣ್ಣಿಗೆ ಬಿದ್ದದ್ದು ಕೋಷ್ಟಕ ಮುದ್ರಿತವಾಗಿ ಎಲ್ಲರ ಮುಂದೆ ಇದ್ದುದರಿಂದ. ಕಂಪನಿಯ ಸರ್ವರಿನೊಳಗಿನ ಕೋಷ್ಟಕದಲ್ಲಿ ಇಂಥದೇ ತಪ್ಪಿದ್ದರೆ ಅದನ್ನು ಹಿಡಿಯುವವರು ಯಾರು? ತೆರೆದ ಸೂತ್ರದ ಪರವಾಗಿ ನನಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇರೆ ಕಾಣುವುದಿಲ್ಲ.

ಈಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ವಾರ್ಷಿಕ ಆದಾಯವನ್ನು ಗುಣಿಸಲು ಪಾಲಿಸುವ, ವಯಸ್ಸಿಗೆ ತಕ್ಕ ಗುಣಕಗಳು 2009ರ ಸರ್ಲಾ ವರ್ಮಾ ತೀರ್ಪಿನವು. 15ರಿಂದ 25 ವರ್ಷದವರೆಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, ಹೀಗೆ ಇಳಿಯುತ್ತ 46ರಿಂದ 50ಕ್ಕೆ 13, 51ರಿಂದ 55ಕ್ಕೆ 11. 2017ರ ಪ್ರಣಯ್ ಸೇಠಿ ತೀರ್ಪು ಸ್ವಂತ ದುಡಿಮೆಯವರಿಗೂ ಭವಿಷ್ಯದ ಆದಾಯ ವೃದ್ಧಿಯನ್ನು ಸೇರಿಸಿತು. ಗಾಯದ ಪ್ರಕರಣಗಳಿಗೂ ಅದು ಅನ್ವಯಿಸುತ್ತದೆಂದು 2020ರ ಪಪ್ಪು ದೇವ್ ಯಾದವ್ ತೀರ್ಪು ಹೇಳಿತು. ಸಂಬಳ ಚೀಟಿ ಇಲ್ಲದ ಕೂಲಿಕಾರರಿಗೆ, ಲೋಕ ಅದಾಲತ್‌ಗಳ ಬಳಕೆಗೆಂದು ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಸಿದ್ಧಪಡಿಸಿದ, ಅಪಘಾತದ ವರ್ಷಕ್ಕೆ ತಕ್ಕಂತೆ ಆದಾಯ ಸೂಚಿಸುವ ಪಟ್ಟಿ ಇದೆ. ಬೆಳಗಾವಿಯ ಮೇಲ್ಮನವಿಗಳು ಹೋಗುವ ಹೈಕೋರ್ಟಿನ ಧಾರವಾಡ ಪೀಠವೂ ಅದನ್ನು ನೋಡುತ್ತದೆ.

ಈ ಸೂತ್ರದೊಳಗೆ ಯಾವ ಅಂಕಿ ಎಷ್ಟು ಭಾರ ಹೊರುತ್ತದೆ ಎಂದು ತಿಳಿಯಲು ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ. ಗಾಯಾಳು 28 ವರ್ಷದ ಲೇತ್ ಕಾರ್ಮಿಕ, ತಿಂಗಳ ಆದಾಯ 12,000 ರೂಪಾಯಿ, ಇಡೀ ದೇಹದ ನ್ಯೂನತೆ ಶೇ. 12 ಎಂದಿರಲಿ. ಭವಿಷ್ಯದ ವೃದ್ಧಿಯನ್ನು ಬದಿಗಿಟ್ಟು ಗುಣಿಸಿದರೆ ದುಡಿಮೆಯ ನಷ್ಟ 2,93,760 ರೂಪಾಯಿ. ವಯಸ್ಸು 31 ಎಂದು ದಾಖಲಾದರೆ ಗುಣಕ ಒಂದು ಮೆಟ್ಟಿಲು ಇಳಿದು ಕಳೆಯುವುದು 17,280. ಆದಾಯವನ್ನು 9,000 ಎಂದು ಹಿಡಿದರೆ ಕಳೆಯುವುದು 73,440. ನ್ಯೂನತೆಯ ವಿಷಯದಲ್ಲಾದರೆ ಶೇಕಡಾ ಒಂದೊಂದು ಅಂಶಕ್ಕೂ 24,480 ರೂಪಾಯಿಯ ವ್ಯತ್ಯಾಸ. ಶೇ. 12ರ ಬದಲು 30 ಎಂದು ಒಪ್ಪಿದರೆ ಮೊತ್ತ 7,34,400ಕ್ಕೆ ಏರುತ್ತದೆ. ವಯಸ್ಸಿಗೆ ದಾಖಲೆ ಇದೆ, ಆದಾಯಕ್ಕೆ ಪ್ರಾಧಿಕಾರದ ಪಟ್ಟಿ ಇದೆ. ನ್ಯೂನತೆಗೆ ಇರುವುದು ವೈದ್ಯರ ಅಭಿಪ್ರಾಯ. ಆದ್ದರಿಂದಲೇ ಅಪಘಾತ ಪರಿಹಾರದ ಪ್ರಕರಣಗಳಲ್ಲಿ ವೈದ್ಯರ ಪಾಟೀಸವಾಲಿಗೆ ಅಷ್ಟು ಬಿಸಿ.

ಕರ್ನಾಟಕದ ನ್ಯಾಯಮಂಡಳಿಗಳಲ್ಲಿ ಒಂದು ರೂಢಿ ಬೆಳೆದಿದೆ: ಕಾಲಿಗೋ ಕೈಗೋ ವೈದ್ಯರು ಹೇಳಿದ ನ್ಯೂನತೆಯ ಮೂರನೇ ಒಂದು ಭಾಗವನ್ನು ಇಡೀ ದೇಹದ್ದೆಂದು ಹಿಡಿಯುವುದು. ಕಾಲಿಗೆ ಶೇ. 36 ಎಂದರೆ ದೇಹಕ್ಕೆ 12. ಮೇಲಿನ ಉದಾಹರಣೆಯ ಅಂಕಿ ಬಂದದ್ದು ಹೀಗೆ. ಆದರೆ 2010ರ ರಾಜ್‌ಕುಮಾರ್ ತೀರ್ಪು ಕೇಳುವ ಪ್ರಶ್ನೆಯೇ ಬೇರೆ. ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಈಗ ಏನನ್ನು ಮಾಡಲಾರ, ಬೇರೆ ಏನನ್ನು ಮಾಡಿ ಬದುಕಬಲ್ಲ ಎಂದು ನೋಡಬೇಕು. ಎಡಗೈ ಕಳೆದುಕೊಂಡ ಬಡಗಿಯ ದುಡಿಮೆ ಪೂರ್ತಿ ಹೋಗಬಹುದು, ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು ಎಂಬ ಉದಾಹರಣೆ ಆ ತೀರ್ಪಿನಲ್ಲೇ ಇದೆ. ಪಪ್ಪು ದೇವ್ ಯಾದವ್ ಪ್ರಕರಣದ ಗಾಯಾಳು ಬಲಗೈ ಕಳೆದುಕೊಂಡ ಬೆರಳಚ್ಚುಗಾರ. ಪ್ರಮಾಣಪತ್ರ ಶೇ. 89 ಎಂದಿತ್ತು, ಹೈಕೋರ್ಟ್ 45 ಎಂದಿತು, ಸುಪ್ರೀಂ ಕೋರ್ಟ್ 65 ಎಂದಿತು. ಒಂದೇ ಕೈಗೆ ಮೂರು ಅಂಕಿ, ಮೂರಕ್ಕೂ ಬರೆದಿಟ್ಟ ಕಾರಣ ಉಂಟು. ಮೂರನೇ ಒಂದರ ರೂಢಿಯನ್ನು ಯೋಚಿಸದೆ ಹಾಕುವ ನ್ಯಾಯಮಂಡಳಿ ತಾನೇ ಕೊಲೋಸಸ್‌ನಂತೆ ನಡೆದುಕೊಳ್ಳುತ್ತದೆ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಎಂಟು ತಾಸು ನಿಂತು ಲೇತ್ ನಡೆಸುವವನ ಮೊಣಕಾಲು, ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವನ ಮೊಣಕಾಲು, ಎಕ್ಸ್‌ರೇಯಲ್ಲಿ ಎರಡೂ ಒಂದೇ. ಮೂಳೆಯ ಸಂಕೇತವನ್ನಷ್ಟೇ ಕೊಟ್ಟರೆ ತಂತ್ರಾಂಶಕ್ಕೂ ಅಷ್ಟೇ ಕಾಣುತ್ತದೆ.

ಖಾನಾಪುರದ ಕಾಡಂಚಿನ ಊರುಗಳಿಗೆ ಈ ಕೊರತೆ ಇನ್ನೂ ಹತ್ತಿರದ್ದು. ಕಣಕುಂಬಿ, ಜಾಂಬೋಟಿ ಕಡೆಯ ಒಬ್ಬ ರೈತ ಮಳೆಗಾಲದಲ್ಲಿ ಭತ್ತ ನಾಟಿ ಮಾಡುತ್ತಾನೆ, ಬೇಸಿಗೆಯಲ್ಲಿ ಇಟ್ಟಿಗೆ ಭಟ್ಟಿಗೆ ಹೋಗುತ್ತಾನೆ, ನಡುವೆ ಗೋವಾದಲ್ಲಿ ಕೂಲಿ ಮಾಡಿ ಬರುತ್ತಾನೆ. ಅವನ ವೃತ್ತಿ ಯಾವುದು ಎಂಬ ಕಾಲಂನಲ್ಲಿ ಬರೆಯುವುದು ಒಂದೇ ಪದ. ಆ ಪದ ಗಾಯದ ಪ್ರಮಾಣಪತ್ರದಿಂದ ಪೊಲೀಸ್ ಕಾಗದಕ್ಕೆ, ಅಲ್ಲಿಂದ ವಿಮಾ ಕಡತಕ್ಕೆ ಹಾಗೆಯೇ ಸಾಗುತ್ತದೆ. ನ್ಯಾಯಮಂಡಳಿಯಲ್ಲಾದರೆ ಅವನು ಕಟಕಟೆಗೆ ಬಂದು, ಕನ್ನಡದಲ್ಲೋ ಮರಾಠಿಯಲ್ಲೋ, ಇಳಿಜಾರಿನ ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗುತ್ತಿಲ್ಲ ಎಂದು ಹೇಳಬಹುದು. ಆ ಮಾತಿಗೆ ಸಂಕೇತ ಸಂಖ್ಯೆ ಇಲ್ಲ.

ಈ ಕಾಗದಗಳೆಲ್ಲ ಈಗ ಗಣಕಕ್ಕೆ ಏರುತ್ತಿವೆ. ಮದ್ರಾಸ್ ಐಐಟಿ ರೂಪಿಸಿದ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆಯನ್ನು ಮೊದಲು ಪ್ರಯೋಗಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2022ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ಕೊಡಬೇಕು. ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಾದ 149ನೇ ಕಲಮಿನಂತೆ ವಿಮಾ ಕಂಪನಿ ಇತ್ಯರ್ಥಕ್ಕೆ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬೇಕು, ಆತ 30 ದಿನಗಳೊಳಗೆ ನ್ಯಾಯಮಂಡಳಿಯ ಮುಂದೆ ಮೊತ್ತವೊಂದನ್ನು ಮುಂದಿಡಬಹುದು. ಗಾಯಾಳು ಒಪ್ಪಿದರೆ ಪ್ರಕರಣ ಅಲ್ಲಿಗೇ ಮುಗಿಯಿತು. ವರ್ಷಗಟ್ಟಲೆ ದಿನಾಂಕಗಳಿಗೆ ಅಲೆಯುವುದು ತಪ್ಪುವುದಾದರೆ ಇದು ದೊಡ್ಡ ಉಪಕಾರ, ಅದನ್ನು ಕಡೆಗಣಿಸಬಾರದು. ಆಸ್ಪತ್ರೆಯ ಬಿಲ್ಲಿಗೆ ಸಾಲ ಮಾಡಿದವನಿಗೆ ಇಂದಿನ ಎರಡು ಲಕ್ಷ ನಾಲ್ಕು ವರ್ಷದ ನಂತರದ ನಾಲ್ಕು ಲಕ್ಷಕ್ಕಿಂತ ದೊಡ್ಡದಾಗಿ ಕಂಡರೆ ಆಶ್ಚರ್ಯವಿಲ್ಲ. ಹಾಗೆ ಕಾಣುವ ಗಳಿಗೆಯಲ್ಲೇ ಕಡಿಮೆ ಮೊತ್ತಕ್ಕೆ ಸಹಿ ಬೀಳುವುದು.

ಇತ್ಯರ್ಥದ ಅಧಿಕಾರಿ ಯಾವ ತಂತ್ರಾಂಶ ಬಳಸಿದರೂ ನನ್ನ ತಕರಾರಿಲ್ಲ. ಗುಣಾಕಾರವನ್ನು ಗಣಕ ನಮಗಿಂತ ಚೆನ್ನಾಗಿ ಮಾಡುತ್ತದೆ, ಅನುಸೂಚಿಯ ತಪ್ಪುಗಳನ್ನು ನೋಡಿದ ಮೇಲೆ ಅದನ್ನು ಒಪ್ಪಲೇಬೇಕು. ಆದರೆ ಒಪ್ಪಂದದ ಪತ್ರದಲ್ಲಿ ಕೊನೆಯ ಮೊತ್ತ ಮಾತ್ರ ಇದ್ದರೆ ಸಾಲದು. ಹಿಡಿದ ವಯಸ್ಸು, ಹಿಡಿದ ಆದಾಯ ಮತ್ತು ಅದರ ಮೂಲ, ವೈದ್ಯರು ಹೇಳಿದ ಅಂಗದ ನ್ಯೂನತೆ, ಕಂಪನಿ ಒಪ್ಪಿದ ದುಡಿಮೆಯ ನ್ಯೂನತೆ, ಇವೆರಡರ ನಡುವಿನ ಅಂತರಕ್ಕೆ ಕಾರಣ, ಹಿಂದಿನ ಇತ್ಯರ್ಥಗಳನ್ನು ಆಧಾರವಾಗಿ ಬಳಸಿದ್ದರೆ ಅವು ಯಾವ ಕಾಲದವು, ಯಾವ ಪ್ರದೇಶದವು ಎಂಬುದು ಗಾಯಾಳುವಿನ ಭಾಷೆಯಲ್ಲಿ ಇರಬೇಕು. ಇದಕ್ಕೆ ಹೊಸ ಕಾಯ್ದೆಯನ್ನು ಕಾಯಬೇಕಿಲ್ಲ. 168ನೇ ಕಲಮು ನ್ಯಾಯೋಚಿತ ಪರಿಹಾರವನ್ನು ನಿರ್ಧರಿಸುವ ಹೊಣೆಯನ್ನು ನ್ಯಾಯಮಂಡಳಿಗೇ ಕೊಟ್ಟಿದೆ. ರಾಜಿಯನ್ನು ದಾಖಲಿಸಿಕೊಳ್ಳುವ ಮೊದಲು ಬೆಳಗಾವಿಯ ನ್ಯಾಯಾಧೀಶರು ಈ ವಿವರದ ಹಾಳೆಯನ್ನು ಕೇಳಿ ತರಿಸಿಕೊಂಡು, ನ್ಯೂನತೆಯ ಸಾಲನ್ನು ಗಾಯಾಳುವಿನ ಎದುರು ಓದಿ ಹೇಳಿಸಬಹುದು.